ಚಿತ್ರ ಬಂತು

ತಂಗಿಗೆ ಬೆವರು ಕಿತ್ತುಬಂತು. ಲ್ಯಾಪ್‌ಟಾಪಿನಲ್ಲಿ ಬಾತುಮರಿಯ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಲೈವ್‌ನಲ್ಲಿ ಮಾತ್ರ ಬರೀ ಕಪ್ಪು.

"ಮಕ್ಕಳೆಲ್ಲ ಕರೆಂಟ್ ಹೋಯ್ತಾ ಅಂತ ಕೇಳ್ತಿದಾರೆ ಕಣೇ," ಎಂದಳು ಅಕ್ಕ, ಮೈಕನ್ನು ಅಂಗೈಯಲ್ಲಿ ಮುಚ್ಚಿ. "ನಿನ್ನ ಡಬ್ಬ ಇವತ್ತೇ ಕೈಕೊಡಬೇಕಿತ್ತಾ?"

"ಒಂದ್ನಿಮಿಷ ಅಕ್ಕಾ."

ಅಕ್ಕ ವಾರಕ್ಕೊಮ್ಮೆ ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆ ಲೈವ್ ಆಗಿ ಚಿತ್ರ ತೋರಿಸುತ್ತ ಕಥೆ ಓದುತ್ತಿದ್ದಳು. ಮಾತು ಅಕ್ಕನದು, ಯಂತ್ರ ತಂಗಿಯದು. ನಾಲ್ಕು ಜನರೆದುರು ಬಾಯಿ ಬಿಡಲಾರದ ತಂಗಿಗೆ ಆ ಹಂಚಿಕೆ ಒಗ್ಗಿಹೋಗಿತ್ತು. ಹಿಂದಿನ ಯಾವ ಕಥೆಯನ್ನೂ ಅವರು ರೆಕಾರ್ಡ್ ಮಾಡಿ ಉಳಿಸಿಟ್ಟಿರಲಿಲ್ಲ. ಮುಂದಿನ ವಾರ ಇದ್ದೇ ಇದೆಯಲ್ಲ!

ಈಗ ಮುಂದಿನ ವಾರ ಇರಲಿಲ್ಲ. ಬೆಳಗಾದರೆ ಅಕ್ಕನ ಗಂಟಲಿನ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಲೇಬೇಕೆಂದು ಡಾಕ್ಟರು ಹೇಳಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಮಲಗಿರುವ ಅಕ್ಕನ ಮಗಳು ಪುಟ್ಟಿ ದೊಡ್ಡವಳಾದ ಮೇಲೆ ಅಮ್ಮನ ದನಿ ಕೇಳಬೇಕಾದರೆ, ಇವತ್ತಿನ ಕಥೆ ರೆಕಾರ್ಡ್ ಆಗಲೇಬೇಕು.

"ಕಾಮೆಂಟ್ ಮುಚ್ಚಿಬಿಡೇ. 'ಕಪ್ಪು, ಕಪ್ಪು' ಅಂತ ಬರ್ತಿದ್ರೆ ನಂಗೆ ಓದೋಕಾಗಲ್ಲ."

ತಂಗಿ ಮುಚ್ಚಿದಳು. ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದವು. ಪರದೆಯನ್ನು ಒಂದು ನಡೆಸುತ್ತಿತ್ತು, ಲೈವ್ ಸಾಫ್ಟ್‌ವೇರ್ ಇನ್ನೊಂದಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಅದರ ಕಣ್ಣಿಗೆ ಪರದೆ ಬೀಳುತ್ತಿರಲಿಲ್ಲ. ಸೆಟ್ಟಿಂಗ್ ಬದಲಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆದಳು. ಚಿತ್ರ, ಮೈಕು ಎಲ್ಲ ಜೋಡಿಸಿಟ್ಟಿದ್ದ ಹಳೆಯ ಸೀನಿನ ಸಹವಾಸವೇ ಬೇಡವೆಂದು ಹೊಸದೊಂದು ಸೀನ್ ಮಾಡಿ ಪರದೆಯನ್ನು ಸೇರಿಸಿದಳು. ಮತ್ತೆ ಲೈವ್ ಹೋಗಿ, ರೆಕಾರ್ಡಿಂಗನ್ನೂ ಶುರು ಮಾಡಿದಳು. ಬಾತುಮರಿ ಥಟ್ಟನೆ ಮೂಡಿತು.

"ಬಂತು!"

"ಅಬ್ಬಾ! ಭಲೇ ಕಣೇ, ಮೂಗಿ."

ಅಕ್ಕ ಓದಿದಳು. ಬಾತುಮರಿಯ ಹಟ, ಕಪ್ಪೆಯ ಜಂಬ, ಒಂದೊಂದಕ್ಕೂ ಬೇರೆ ದನಿ. ಕೊನೆಕೊನೆಗೆ ದನಿ ಒಡೆದರೂ ಬಿಡಲಿಲ್ಲ. ಮತ್ತೆ ಕಪ್ಪಾದೀತೆಂಬ ಭಯದಲ್ಲಿ ತಂಗಿ ಚಿತ್ರದಿಂದ ಕಣ್ಣು ಕೀಳಲಿಲ್ಲ. ಹೆಡ್‌ಫೋನನ್ನೂ ಹಾಕಿಕೊಳ್ಳಲಿಲ್ಲ. ಅಕ್ಕನ ದನಿಯನ್ನು ಪಕ್ಕದಲ್ಲೇ ಕೂತು ಕೇಳುವ ಕೊನೆಯ ಸಲ, ನಡುವೆ ತಂತಿ ಯಾಕೆ ಎನಿಸಿತ್ತು.

ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿದಳು. ಬಾತುಮರಿ ಬಂತು, ಕಪ್ಪೆ ಬಂತು, ಹೊಳೆ ಬಂತು.

"ಸೌಂಡ್ ಜಾಸ್ತಿ ಮಾಡೇ," ಎಂದಳು ಅಕ್ಕ, ಪಿಸುದನಿಯಲ್ಲಿ.

ಜಾಸ್ತಿ ಮಾಡಲು ಏನೂ ಇರಲಿಲ್ಲ. ಮೈಕ್ ಹಳೆಯ ಸೀನಿನೊಳಗೇ ಉಳಿದಿತ್ತು. ಹೊಸದಕ್ಕೆ ಅದನ್ನು ಸೇರಿಸುವುದನ್ನೇ ಅವಳು ಮರೆತಿದ್ದಳು. ಅಕ್ಕ ಅವಳ ಮುಖ ನೋಡಿಯೇ ತಿಳಿದುಕೊಂಡಳು. ಒಂದು ಗುಟುಕು ನೀರು ಕುಡಿದಳು.

"ಅಳಬೇಡ ಕಣೇ. ಮೈಕ್ ಸೇರಿಸು. ಇನ್ನೊಂದ್ಸಲ ಓದ್ತೀನಿ."

ತಂಗಿ ಸೇರಿಸಿದಳು. ಈ ಸಲ ದನಿಗೆ ತಕ್ಕಂತೆ ಮೈಕಿನ ಹಸಿರು ಗೆರೆ ಕುಣಿಯುವುದನ್ನು ನೋಡಿಕೊಂಡಳು.

"ಪುಟ್ಟೀ, ಕೇಳು," ಎಂದಳು ಅಕ್ಕ. "ಒಂದು ಬಾತುಮರಿ ಇತ್ತಂತೆ. ಅದಕ್ಕೆ..."

ಮುಂದೆ ಬರೀ ಗಾಳಿ ಬಂತು. ಹಸಿರು ಗೆರೆ ಬುಡಕ್ಕಿಳಿಯಿತು. ಅಕ್ಕನ ತುಟಿಗಳು ಆಡುತ್ತಲೇ ಇದ್ದವು. ತಂಗಿ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಆ ತುಟಿಗಳನ್ನೇ ನೋಡುತ್ತ, ಒಂದೊಂದೇ ಚಿತ್ರವನ್ನು ಮುಂದೆ ಸರಿಸುತ್ತ ಹೋದಳು.