ಅಡುಗೆ ಪರೀಕ್ಷೆಯ ಮಾರ್ಕು

"ಏಯ್, ಅಲ್ಲೇ ನಿಲ್ಲಡಿ! ಪಾತ್ರೆ ಮೇಜಿನ ಹತ್ರ ತರಬೇಡ. ಬಾಗ್ಲಲ್ಲೇ ಇಡು."

ಉಪ್ಪಿಟ್ಟಿನ ಪಾತ್ರೆಯನ್ನು ಹೊಸ್ತಿಲಾಚೆ ಇಟ್ಟೆ. ಎಂಟನೆಯ ಕ್ಲಾಸಿನ ಗೃಹವಿಜ್ಞಾನದ ಪರೀಕ್ಷೆ ಅದು. ತಮಿಳು ಬೆರೆಸಿ ಮಾತಾಡುವ ಜಯಲಕ್ಷ್ಮೀ ಟೀಚರ್ ಹನ್ನೊಂದು ಹುಡುಗಿಯರ ಉಪ್ಪಿಟ್ಟನ್ನು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿ ಮಾರ್ಕು ಬರೆದಿದ್ದರು. ತುಂಗಾಳದು ಗಂಟು ಗಂಟಾಗಿತ್ತು, ಆದರೂ ಐವತ್ತಕ್ಕೆ ಮೂವತ್ತು ಬಂತು. ಹನ್ನೆರಡನೆಯವಳು ನಾನು.

"ಟೀಚರ್, ನನ್ನದು ರುಚಿ ನೋಡಲಿಲ್ಲ."

"ನಾವು ಆಚಾರದೋರು ಕಣಡಿ ಬೇಬಿ. ನಿನ್ನ ಕೈದು ತಿಂದ್ರೆ ಅಪ್ಪುರಂ ನನ್ನ ಮನೆ ಒಳಗೆ ಯಾರು ಸೇರಿಸ್ತಾರೆ? ತಿನ್ನದೆ ಮಾರ್ಕ್ ಹಾಕೋದೂ ತಪ್ಪು. ಅದಕ್ಕೇ ಆಬ್ಸೆಂಟ್ ಅಂತ ಬರೆದಿದ್ದೀನಿ. ಪೋ, ಪೋ."

ಬೆಳಗ್ಗೆ ಎಂಟರಿಂದ ಅವರ ಕಣ್ಣೆದುರೇ ನಿಂತಿದ್ದೆ ನಾನು. ಒಲೆಯ ಹೊಗೆಗೆ ನನ್ನ ಕಣ್ಣು ಇನ್ನೂ ಉರಿಯುತ್ತಿತ್ತು.

ಗಣಿತದಲ್ಲಿ ಕ್ಲಾಸಿಗೇ ಮೊದಲು ನಾನು. ವಿಜ್ಞಾನದಲ್ಲಿ ನಾಲಿಗೆಯ ಚಿತ್ರ ಬಿಡಿಸಿ ಸಿಹಿ ಎಲ್ಲಿ, ಕಹಿ ಎಲ್ಲಿ ಎಂದು ಗುರುತು ಹಾಕಿದ್ದೆ. ಸಮಾಜ ಪಾಠದಲ್ಲಿ 'ಅಸ್ಪೃಶ್ಯತೆ ಕಾನೂನಿನಂತೆ ಅಪರಾಧ' ಎಂದು ಬರೆದದ್ದಕ್ಕೆ ಇದೇ ಟೀಚರ್ ಕೆಂಪು ಶಾಯಿಯಲ್ಲಿ ರೈಟು ಹಾಕಿದ್ದರು. ಎಂಟನೆಯದು ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದಿತ್ತು. ಒಂದು ವಿಷಯಕ್ಕೆ ಆಬ್ಸೆಂಟ್ ಬಿದ್ದರೂ ಫೇಲು. ಫೇಲಾದರೆ ನನಗೂ ಅಮ್ಮನ ಒರಳೇ ಗತಿ.

ಪಾತ್ರೆ ಹೊತ್ತುಕೊಂಡು, ಅಮ್ಮ ಕೆಲಸಕ್ಕಿದ್ದ ಪುರಸೈವಾಕ್ಕ ಪೇಟೆಯ ಹೋಟೆಲಿನ ಹಿತ್ತಿಲಿಗೆ ಓಡಿದೆ. ಅಮ್ಮ ಇಡ್ಲಿಯ ಉದ್ದು ರುಬ್ಬುತ್ತಿದ್ದಳು. ಅವಳ ಹೆಸರು ತುಕ್ರು. ಶುಕ್ರವಾರ ಹುಟ್ಟಿದವಳಿಗೆ ನಮ್ಮ ಕೇರಿಯಲ್ಲಿ ಇಡುವ ಹೆಸರು ಅದು. ಕೂಗಿದರೆ ಜಾತಿ ಗೊತ್ತಾಗುತ್ತದೆಂದು ಹೋಟೆಲಿನ ಕಿಟ್ಟಣ್ಣ ಧಣಿ ಅದನ್ನು ತೆಗೆದು ಜಲಜಾಕ್ಷಿ ಎಂದು ಇಟ್ಟಿದ್ದ. ಬೋರ್ಡಿನ ಮೇಲೆ 'ಬ್ರಾಹ್ಮಣಾಳ್' ಎಂದು ಬರೆಸಿಕೊಂಡವನು ಅವನು. ಆದರೆ ಅವನು ಕೊಡುವ ಕೂಲಿಗೆ ದಿನಕ್ಕೆ ಹತ್ತು ಗಂಟೆ ರುಬ್ಬಲು ಯಾವ ಬ್ರಾಹ್ಮಣರೂ ಸಿಕ್ಕಿರಲಿಲ್ಲ. ಯಾರಾದರೂ ಕೇಳಿದರೆ 'ಊರಿನ ನಮ್ಮವಳೇ, ಪಾಪದವಳು' ಎನ್ನುತ್ತಿದ್ದ. ಶಾಲೆಯಲ್ಲಿ ಮಾತ್ರ, ಫೀಸು ಮಾಫಿ ಸಿಗಲೆಂದು, ಅಮ್ಮ ನನ್ನ ಜಾತಿಯನ್ನು ಇದ್ದ ಹಾಗೇ ಬರೆಸಿದ್ದಳು.

ನಡೆದದ್ದು ಹೇಳಿದೆ. ಒರಳಿನ ಗುಂಡು ನಿಂತಿತು.

"ನೀನು ಅಲ್ಲೇ ಇದ್ದಿಯಲ್ಲ ಮಗಾ?"

"ಇದ್ದೆ ಅಮ್ಮ."

"ಮತ್ತೆ ಇಲ್ಲ ಅಂತ ಹೇಗೆ ಬರೀತಾರೆ?"

ಅಮ್ಮ ಒರಳಿನ ಹಿಟ್ಟನ್ನೆಲ್ಲ ಬಳಿದು ದೊಡ್ಡ ಪಾತ್ರೆಗೆ ತುಂಬಿದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಆಗಲೇ ಕಿಟ್ಟಣ್ಣ ಹಿತ್ತಿಲಿಗೆ ಬಂದ.

"ಎಲ್ಲಿಗೆ ಹೊರಟದ್ದು?"

"ಶಾಲೆಗೆ ಧಣಿ. ಈಗ ಬಂದೆ."

"ಅಲ್ಲಿ ಹೋಗಿ ಬಾಯಿ ಬಿಟ್ಟೆಯೋ, ನನ್ನ ಹೋಟ್ಲಿಗೆ ಬೀಗ! ನಿನ್ನ ಹೊಟ್ಟೆಗೂ ಮಣ್ಣು. ಗೊತ್ತುಂಟಲ್ಲ ರಂಡೆ?"

"ಗೊತ್ತುಂಟು," ಎಂದಳು ಅಮ್ಮ. ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಸೊಂಟಕ್ಕಿಟ್ಟು ನಡೆದಳು.

ಮಧ್ಯಾಹ್ನದ ಬೆಲ್ಲು ಹೊಡೆದಿತ್ತು. ಟೀಚರುಗಳ ಕೋಣೆಯಲ್ಲಿ ಬಾಳೆಯೆಲೆಯ ಪೊಟ್ಟಣಗಳು ಬಿಚ್ಚಿಕೊಂಡಿದ್ದವು. ದಿನವೂ ಕಿಟ್ಟಣ್ಣನ ಹೋಟೆಲಿನಿಂದ ಬರುವ ಇಡ್ಲಿ. ಜಯಲಕ್ಷ್ಮೀ ಟೀಚರ್ ಚಟ್ನಿಯಲ್ಲಿ ಅದ್ದಿದ ತುಂಡನ್ನು ಬಾಯಿಗಿಡುತ್ತಿದ್ದರು. ಅಮ್ಮ ಬಾಗಿಲಲ್ಲಿ ನಿಂತಳು.

"ಇಡ್ಲಿ ಹೇಗುಂಟು ಟೀಚರೇ?"

"ಯಾರಮ್ಮ ನೀನು? ಇಡ್ಲಿಗೇನು, ನಲ್ಲಾ ಇದೆ. ಏನು ಬೇಕು?"

"ಅದರ ಹಿಟ್ಟು ರುಬ್ಬುವವಳು ನಾನು. ನಾಲ್ಕು ವರ್ಷ ಆಯ್ತು. ನನ್ನ ಹೆಸರು ತುಕ್ರು. ಈ ಬೇಬಿಯ ಅಮ್ಮ."

ಅಷ್ಟು ವರ್ಷಗಳಲ್ಲಿ ಅಮ್ಮ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ್ದನ್ನು ಅಂದೇ ಕೇಳಿದ್ದು ನಾನು.

"ನಾಲ್ಕು ವರ್ಷ ನನ್ನ ಕೈಯದ್ದು ತಿಂದಿರಿ. ನಿಮಗೇನೂ ಆಗ್ಲಿಲ್ಲ. ಇವಳದ್ದು ಒಂದು ಚಮಚ ತಿನ್ನಿ. ಉಪ್ಪು ಇಲ್ಲದಿದ್ರೆ ಸೊನ್ನೆ ಹಾಕಿ, ನಾನು ಮಾತಾಡುದಿಲ್ಲ. ಇದ್ದವಳನ್ನು ಇಲ್ಲ ಅಂತ ಮಾತ್ರ ಬರೀಬೇಡಿ."

ಟೀಚರ್ ಬಾಯಿಗೆ ಕೈ ಒತ್ತಿಕೊಂಡು ಬಚ್ಚಲಿಗೆ ಓಡಿದರು. ಗಂಟಲಿಗೆ ಬೆರಳು ಹಾಕಿ ಕಾರುವ ಸದ್ದು ನಮಗೆ ಕೇಳಿಸಿತು. ಉಳಿದವರು ಎಲೆಗಳನ್ನು ದೂರ ತಳ್ಳಿದರು. ಶಾಲೆಯ ಆಯಮ್ಮ ಹೋಟೆಲಿಗೆ ಸುದ್ದಿ ಒಯ್ದಳು. ನಮ್ಮ ಪಾತ್ರೆಯ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ನಾವು ಮರಳುವ ಹೊತ್ತಿಗೆ ಅಮ್ಮನ ಬಟ್ಟೆಬರೆಯ ಗಂಟು ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಬಿದ್ದಿತ್ತು.

"ನಾಯಿಗೆ ಅನ್ನ ಹಾಕಿದ ಹಾಗಾಯ್ತು! ಇನ್ನು ಈ ಕಡೆ ಮುಖ ಹಾಕಿದ್ರೆ ಕಾಲು ಮುರೀತೇನೆ, ಬೋಳಿಮಗಳೇ!"

ಒರಳಿಗೆ ಕೊಡಗಟ್ಟಲೆ ನೀರು ಸುರಿಸಿ ತೊಳೆಸುತ್ತಿದ್ದ ಕಿಟ್ಟಣ್ಣ. ಅಮ್ಮ ಬೆಳಗ್ಗಿನಿಂದ ರುಬ್ಬಿಟ್ಟ ಹಿಟ್ಟನ್ನು ಮಾತ್ರ ಚೆಲ್ಲಲಿಲ್ಲ. ತಟ್ಟೆ ಮುಚ್ಚಿಸಿ ಒಳಗಿಡಿಸಿದ, ಮರುದಿನದ ಇಡ್ಲಿಗೆ.

ಬಟ್ಟೆ ಅಂಗಡಿಯೊಂದರ ಮುಂದಿನ ಮೆಟ್ಟಿಲ ಮೇಲೆ ಕುಳಿತೆವು. ನನಗೆ ಅಳು ತಡೆಯಲಾಗಲಿಲ್ಲ. ನನ್ನಿಂದ ಅವಳ ಅನ್ನವೂ ಹೋಯಿತು, ನನ್ನ ಪಾಸೂ ಹೋಯಿತು. ಆಬ್ಸೆಂಟ್ ಎಂಬುದು ಆಬ್ಸೆಂಟ್ ಆಗಿಯೇ ಉಳಿಯಿತು. ಅಮ್ಮ ಪಾತ್ರೆಯ ಮುಚ್ಚಳ ತೆಗೆದಳು. ತಣ್ಣಗಾಗಿ ಗಟ್ಟಿಯಾಗಿದ್ದ ಉಪ್ಪಿಟ್ಟನ್ನು ಒಂದು ತುತ್ತು ಬಾಯಿಗಿಟ್ಟು, ಟೀಚರಂತೆಯೇ ಕಣ್ಣು ಮುಚ್ಚಿ ನಿಧಾನ ಜಗಿದಳು.

"ಎಷ್ಟಕ್ಕೆ ಹಾಕುದು ಮಗಾ?"

"ಐವತ್ತಕ್ಕೆ."

ಇನ್ನೊಂದು ತುತ್ತು ತಿಂದು ನೋಡಿದಳು.

"ನಲವತ್ತೆಂಟು," ಎಂದಳು. "ಒಗ್ಗರಣೆ ಚೂರು ಕರಟಿದೆ."