ಕೋಟು ಬಿಚ್ಚದ ಶುಕ್ರವಾರಗಳು

ಗೇನರ್‌ಗೆ ತನ್ನ ಕೈಗುಣದ ಮೇಲೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಇಂಗ್ಲೆಂಡಿನ ಬ್ರಿಡ್ಲಿಂಗ್ಟನ್ ಬಂದರಿನ ಹಿಂದಿನ ಬೀದಿಯ ಡಾಲ್ಫಿನ್ ಪಬ್ಬಿನಲ್ಲಿ ಅರ್ಧ ಆಯುಷ್ಯ ಮೀನು ಕರಿದವಳು ಅವಳು. ಮುಂದೆ ಗಂಡ ನೆವಿಲ್ ಬಿಯರ್ ಬಗ್ಗಿಸುತ್ತಿದ್ದ, ಹಿಂದೆ ಇವಳು ಕೊಬ್ಬು ಕಾಯಿಸುತ್ತಿದ್ದಳು. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ತಟ್ಟೆ ಕಿಂಡಿಗೆ ಬಂದೊಡನೆ ನೆವಿಲ್ ಫೋರ್ಕಿನ ಹಿಂಬದಿಯಿಂದ ಮೀನಿನ ಮೇಲೊಮ್ಮೆ ತಟ್ಟುತ್ತಿದ್ದ. ಟಕ್ ಎಂದರೆ ಗಿರಾಕಿಗೆ, ಅನ್ನದಿದ್ದರೆ ವಾಪಸ್ ಹೆಂಡತಿಗೆ. ವಾಪಸ್ ಬಂದದ್ದು ಅಪರೂಪ. ಬಂದ ದಿನ ಮಾತ್ರ ಮನೆಯಲ್ಲಿ ಮಾತುಕತೆ ಇರುತ್ತಿರಲಿಲ್ಲ.

ಇಬ್ಬರೂ ಪಬ್ಬು ಬಿಟ್ಟು ಮನೆ ಸೇರಿದ ಮೇಲೆ ನೆವಿಲ್‌ನ ಹೃದಯ ಕೈಕೊಟ್ಟಿತು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಗೇನರ್ ತಿರುಗಿ ನೋಡುವಷ್ಟರಲ್ಲಿ ಆಸಾಮಿ ನೆಲಕ್ಕೆ ಬಿದ್ದಿದ್ದ. ಆಸ್ಪತ್ರೆಯವರು ಎದೆ ತೆರೆದು ಹೊಲಿದು ಕಳಿಸಿದರು. ಇನ್ನು ಮುಂದೆ ಕೊಬ್ಬಿನಲ್ಲಿ ಕರಿದದ್ದು ಬಾಯಿಗೆ ಹೋಗಕೂಡದು ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದಳು. ಅಂದೇ ಗೇನರ್ ಕರಿಯುವ ಬಾಣಲೆಯನ್ನು ಮನೆಯಿಂದಾಚೆ ಸಾಗಹಾಕಿದಳು. ಆ ಊರಿನ ವಾಡಿಕೆಯಂತೆ ಪ್ರತಿ ಶುಕ್ರವಾರ ಮಾಡುವ ಮೀನು ಹಬೆಯಲ್ಲಿ ಬೇಯತೊಡಗಿತು.

ನೆವಿಲ್ ಬೆಳ್ಳಗಿನ ಮೀನನ್ನು ತಿನ್ನುವ ಶಾಸ್ತ್ರ ಮಾಡಿ, "ಒಂದು ಸುತ್ತು ನಡೆದು ಬರ್ತೀನಿ, ಡಾಕ್ಟರಮ್ಮನೇ ಹೇಳಿದಾಳಲ್ಲ" ಎಂದು ಹೊರಡುತ್ತಿದ್ದ. ಶುಕ್ರವಾರವಾದರೆ ಸಾಕು, ಊಟಕ್ಕೆ ಕೂರುವಾಗಲೇ ಮೈಮೇಲೆ ಕೋಟು ಇರುತ್ತಿತ್ತು. ಚಳಿಯಿರಬೇಕು ಎಂದುಕೊಂಡಿದ್ದಳು ಗೇನರ್. ಒಂದು ದಿನ ಆ ಕೋಟಿನ ಧೂಳು ಝಾಡಿಸಲು ಹೋದಾಗ ಕರಿದ ಮೀನಿಗೆ ಚಿಮುಕಿಸುವ ವಿನಿಗರ್ ವಾಸನೆ ಬಂತು. ಜೇಬಿಗೆ ಕೈಹಾಕಿದರೆ ಬಂದರಿನ ಮೂಲೆಯ ಮೀನು-ಚಿಪ್ಸ್ ಅಂಗಡಿಯವರು ಕೊಡುವ ಪುಟ್ಟ ಮರದ ಫೋರ್ಕು ಸಿಕ್ಕಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಹಿತ್ತಲ ನೆಲದ ಮೇಲೆ ಬಿದ್ದಿದ್ದ ಗಂಡ ನೆನಪಾದ. ಅವಳು ಫೋರ್ಕನ್ನು ಇದ್ದಲ್ಲೇ ಇಟ್ಟಳು. ಜಗಳ ತೆಗೆದರೆ ಈ ಮನುಷ್ಯ ಇನ್ನೊಂದು ಕಳ್ಳದಾರಿ ಹುಡುಕುತ್ತಾನೆ, ಅವನನ್ನು ಮನೆಯಲ್ಲಿ ಕೂರಿಸುವುದಿದ್ದರೆ ಮೀನೇ ಕೂರಿಸಬೇಕು. ಆ ಅಂಗಡಿಯವನ ಮೀನು ತನ್ನ ಮೀನನ್ನು ಸೋಲಿಸುವುದೇ? ನಡೆಯದ ಮಾತು.

ಮಗಳು ಕ್ರಿಸ್‌ಮಸ್ಸಿಗೆ ಕಳಿಸಿದ್ದ ಏರ್ ಫ್ರೈಯರ್ ಕಪಾಟಿನ ತಳದಲ್ಲಿ ಬಿದ್ದಿತ್ತು. ಬಿಸಿಗಾಳಿಯಲ್ಲೇ ಎಲ್ಲವನ್ನೂ ಗರಿಗರಿ ಮಾಡುವ ಯಂತ್ರವಂತೆ. ಪಕ್ಕದ ಮನೆಯ ಮೇವಿಸ್ ತನ್ನ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ನೋಡಲು ಬಂದಳು.

"ಹೇಗೆ ಮಾಡೋದು ಅಂತ ಪುಸ್ತಕದಲ್ಲಿ ಬರೆದಿರ್ತಾರೆ ನೋಡೇ."

"ಮೀನು ಕರಿಯೋಕೆ ನಾನು ಪುಸ್ತಕ ನೋಡ್ಲಾ? ನಿಂಗೇನು ತಲೆ ನೆಟ್ಟಗಿದೆಯಾ?"

ಗೇನರ್ ಪಬ್ಬಿನ ಪದ್ಧತಿಯಂತೆಯೇ ಚರ್ಮ ಸುಲಿದ ಹ್ಯಾಡಾಕ್ ಮೀನು ತೆಗೆದುಕೊಂಡಳು. ತಣ್ಣನೆಯ ಬಿಯರಿನಲ್ಲಿ ಹಿಟ್ಟು ಕಲಸಿ, ಮೀನು ಅದ್ದಿ, ಹನಿ ಇಳಿಯುತ್ತಿರುವಂತೆಯೇ ಜಾಲರಿಯ ಮೇಲೆ ಮಲಗಿಸಿದಳು. ಅಲ್ಲೇ ಅವಳು ಎಡವಿದ್ದು. ಕಾದ ಕೊಬ್ಬಾಗಿದ್ದರೆ ಹಿಟ್ಟನ್ನು ಬಿದ್ದ ಕ್ಷಣವೇ ಹಿಡಿದುಕೊಳ್ಳುತ್ತಿತ್ತು, ಗಾಳಿ ಏನನ್ನು ಹಿಡಿದೀತು? ಹಿಟ್ಟೆಲ್ಲ ತೂತುಗಳಿಂದ ಕೆಳಗಿಳಿಯಿತು, ಉಳಿದದ್ದು ಗಾಳಿಯ ರಭಸಕ್ಕೆ ಒಳಗೋಡೆಗೆ ಸಿಡಿಯಿತು. ಬೋಳು ಮೀನೊಂದು ಜಾಲರಿಗೆ ಅಂಟಿ ಕೂತಿತ್ತು.

"ಬಟ್ಟೆ ಕಳಕೊಂಡು ಸಮುದ್ರಸ್ನಾನದಿಂದ ಎದ್ದುಬಂದ ಹಾಗಿದೆ ಕಣೇ ಪಾಪ" ಎಂದು ಮೇವಿಸ್ ಬಿದ್ದು ಬಿದ್ದು ನಕ್ಕಳು.

"ನಗು, ನಗು. ನಿನ್ನ ಬೆಕ್ಕಿಗಂತೂ ಇವತ್ತು ಹಬ್ಬ."

ಆ ಶುಕ್ರವಾರ ನೆವಿಲ್ ತಟ್ಟೆಯಲ್ಲಿದ್ದ ಇನ್ನೊಂದು ಬೋಳು ಮೀನನ್ನು ನೋಡಿದ, ಫೋರ್ಕು ಎತ್ತಿದ, ತಟ್ಟದೆ ಹಾಗೇ ಕೆಳಗಿಟ್ಟ. ತಟ್ಟುವ ಯೋಗ್ಯತೆಯೂ ಅದಕ್ಕಿರಲಿಲ್ಲ. "ನಡೆದು ಬರ್ತೀನಿ" ಎಂದ. ಬಾಗಿಲು ಮುಚ್ಚಿದ ಸದ್ದಿಗೆ ಗೇನರ್‌ಗೆ ಅಳುವೇ ಬಂತು. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಸೆರಗಿಲ್ಲದ ಊರಿನ ಹೆಂಗಸು, ಏಪ್ರನ್ನಿನಲ್ಲೇ ಮೂಗು ಒರೆಸಿಕೊಂಡು ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡಳು.

ಪಬ್ಬಿನ ಹಳೆಯ ಒಲೆಯೂ ಮೊದಲ ದಿನ ಹೀಗೇ ಮಾನ ಕಳೆದಿತ್ತಲ್ಲ. ಒಂದೊಂದು ಒಲೆಯದು ಒಂದೊಂದು ಸ್ವಭಾವ. ಇದಕ್ಕೆ ಒದ್ದೆ ಆಗದು, ಒಣಗಿದ್ದು ಬೇಕು. ಹಾಗಾದರೆ ಒದ್ದೆಯನ್ನು ಒಣಗಿದ್ದರ ನಡುವೆ ಅಡಗಿಸಿದರೆ?

ಮರುದಿನದಿಂದ ಅಡುಗೆಮನೆ ಯುದ್ಧಭೂಮಿಯಾಯಿತು. ಮೀನಿನ ಪಸೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು ಒಣಹಿಟ್ಟಿನಲ್ಲಿ ಹೊರಳಿಸಿದಳು. ಬಿಯರ್ ಹಿಟ್ಟನ್ನು ಗಂಜಿಗಿಂತ ಗಟ್ಟಿಯಾಗಿ ಕಲಸಿ ಅದ್ದಿದಳು. ಮತ್ತೆ ಒಣಹಿಟ್ಟು, ಮೇಲೆ ಬ್ರಷ್ಷಿನಲ್ಲಿ ಸವರಿದ ಎಳೆಯಷ್ಟು ಎಣ್ಣೆ. ಯಂತ್ರವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬೇಕಿಂಗ್ ಕಾಗದದ ಮೇಲೆ ಮೀನು ಇಟ್ಟು, ಹೊದಿಕೆ ಗಟ್ಟಿಯಾಗುವವರೆಗೆ ಮುಟ್ಟದೆ ಕೈಕಟ್ಟಿ ನಿಂತಳು. ಆಲೂಗಡ್ಡೆಯನ್ನು ಬೆರಳುಗಾತ್ರ ಸೀಳಿ, ಅರೆಬೇಯಿಸಿ, ಆರಿಸಿ ಹಾಕಿದಳು. ಒಮ್ಮೆ ಹೊದಿಕೆ ಹಿಟ್ಟುಹಿಟ್ಟಾಯಿತು, ಒಮ್ಮೆ ಸೀದುಹೋಯಿತು.

"ನನ್ನ ಬೆಕ್ಕು ಬಾಗಿಲಲ್ಲಿ ತೂರ್ತಾ ಇಲ್ಲ ಕಣೇ, ಇನ್ನಾದ್ರೂ ಸರಿಯಾಗಿ ಮಾಡು" ಎಂದು ಮೇವಿಸ್ ದೂರು ತಂದಳು.

"ಶುಕ್ರವಾರದಿಂದ ಅದಕ್ಕೆ ಉಪವಾಸ ಅಂತ ಹೇಳು" ಎಂದಳು ಗೇನರ್. ಅಷ್ಟು ಹೊತ್ತಿಗೆ ಅವಳಿಗೆ ಯಂತ್ರದ ಹದ ಗೊತ್ತಾಗಿಬಿಟ್ಟಿತ್ತು.

ಶುಕ್ರವಾರ ನೆವಿಲ್ ಎಂದಿನಂತೆ ಕೋಟು ತೊಟ್ಟು ಕೂತ. ಗೇನರ್ ಹೊಂಬಣ್ಣದ ಮೀನು, ಚಿಪ್ಸ್, ಬಟಾಣಿ ಗೊಜ್ಜು, ನಿಂಬೆ ಹೋಳು ಎಲ್ಲವನ್ನೂ ಪಬ್ಬಿನ ಹಳೆಯ ತಟ್ಟೆಯಲ್ಲಿಟ್ಟು ಅವನ ಮುಂದೆ ತಳ್ಳಿ ನಿಂತಳು. ಮುಖದಲ್ಲಿ ಪಬ್ಬಿನ ಕಾಲದ ಅದೇ ಜಂಭ.

ನೆವಿಲ್ ತಟ್ಟೆಯನ್ನು ದಿಟ್ಟಿಸಿದ. ಫೋರ್ಕು ತಿರುಗಿಸಿ ಹಿಂಬದಿಯಿಂದ ತಟ್ಟಿದ.

ಟಕ್.

ಇನ್ನೊಮ್ಮೆ ತಟ್ಟಿದ. ಟಕ್.

"ಗಿರಾಕಿಗೆ ಕಳಿಸ್ಬಹುದು" ಎಂದ.

"ಕೋಟು ಹಾಕ್ಕೊಂಡು ಕೂತ ಗಿರಾಕಿಗೆ ಈ ಅಡುಗೆಮನೆ ಬಡಿಸಲ್ಲ."

ನೆವಿಲ್ ತಲೆ ಎತ್ತಿದ. ಅವಳಿಗೆ ಎಲ್ಲ ಗೊತ್ತಿದೆ ಎಂಬುದು ಅವನಿಗೆ ತಿಳಿಯಿತು.

"ಯಾವಾಗಿಂದ ಗೊತ್ತು?"

"ಅದೆಲ್ಲ ಬಿಡು. ಅಂಥಾದ್ದೇನಿತ್ತು ಅಲ್ಲಿ? ಅವನ ಮೀನು ನನ್ನದಕ್ಕಿಂತ ಚೆನ್ನಾಗಿತ್ತಾ?"

"ಥೂ, ಚೆನ್ನಾಗೇನು ಬಂತು. ಕಾಗದದಲ್ಲಿ ಸುತ್ತಿಕೊಟ್ರೆ ಯಾವ ಮೀನು ಗರಿಗರಿ ಇರುತ್ತೆ? ಪ್ರತಿ ಸಲ ಆ ಮರದ ಫೋರ್ಕಲ್ಲಿ ತಟ್ಟಿ ನೋಡ್ತಿದ್ದೆ ಕಣೇ. ಒಂದು ದಿನಾನೂ ಸದ್ದು ಬರ್ಲಿಲ್ಲ." ಅವನು ತಟ್ಟೆ ನೋಡುತ್ತಲೇ ಹೇಳಿದ. "ಆದ್ರೆ ಅಲ್ಲಿ ಯಾರೂ ನನ್ನ ರೋಗಿ ಥರ ನೋಡ್ತಿರ್ಲಿಲ್ಲ. ಇಲ್ಲಿ ನೀನು ತಟ್ಟೆ ಇಟ್ಟು ನನ್ನ ಎದೆ ನೋಡ್ತಾ ನಿಂತಿರ್ತಿದ್ದೆ."

ಗೇನರ್‌ಗೆ ಆ ಮಾತು ನಾಟಿತು. ನಿಜವೇ ಆಗಿತ್ತು. ಇವತ್ತೊಂದೇ ದಿನ ಅವಳು ಅವನ ಎದೆ ನೋಡಿರಲಿಲ್ಲ, ಅವನ ಕೈಯಲ್ಲಿದ್ದ ಫೋರ್ಕು ನೋಡಿದ್ದಳು.

ನೆವಿಲ್ ಗುಂಡಿ ಬಿಚ್ಚಿದ. ಕೋಟನ್ನು ಅವಳ ಕೈಗೆ ಕೊಡುವ ಮುನ್ನ ಜೇಬಿನಿಂದ ಮರದ ಫೋರ್ಕು ತೆಗೆದು, ಎರಡು ತುಂಡು ಮಾಡಿ ಮೇಜಿನ ಮೇಲಿಟ್ಟ. ಅವಳು ಕೋಟನ್ನು ಗೂಟಕ್ಕೆ ತೂಗುಹಾಕಿ ಬರುವಷ್ಟರಲ್ಲಿ ಅರ್ಧ ಮೀನು ಮಾಯವಾಗಿತ್ತು.

"ಇನ್ನೊಂಚೂರು ಉಪ್ಪು?"

"ಕನಸು ಕಾಣ್ತಿರು" ಎಂದು ಗೇನರ್ ಉಪ್ಪಿನ ಡಬ್ಬಿಯನ್ನು ಎತ್ತಿ ಕಪಾಟಿನಲ್ಲಿಟ್ಟು, ತನ್ನ ತಟ್ಟೆಯನ್ನೂ ತಂದು ಅವನೆದುರು ಕೂತಳು.