ಲಾಳಿಯಿಲ್ಲದ ಮಗ್ಗ

ಬನಹಟ್ಟಿಯ ಆ ಓಣಿಯಲ್ಲಿ ಬೆಳಗಾಗುವುದು ಮಗ್ಗಗಳಿಂದ. ಒಬ್ಬರ ಮನೆಯ ಹಿಂದಿನ ಶೆಡ್ಡಿನಲ್ಲಿ ಮೋಟರು ಗುಂಯ್ ಎಂದರೆ ಸಾಕು, ಪಕ್ಕದವರದು, ಎದುರಿನವರದು ಎಂದು ಓಣಿಗೆ ಓಣಿಯೇ ಖಟಖಟ ಎನ್ನತೊಡಗುತ್ತದೆ. ಮಗ್ಗ ಓಡುವ ಮನೆಯ ಮುಂದೆ ಜನ ನಿಂತು ಮಾತಾಡಿಸುತ್ತಾರೆ, ನಿಂತ ಮನೆಯನ್ನು ಕಣ್ಣು ತಪ್ಪಿಸಿ ದಾಟಿ ಹೋಗುತ್ತಾರೆ. ಹಾಗೆಂದು ಹಾಲೇಶ ನಂಬಿದ್ದ.

ಅದಕ್ಕೇ ಅವತ್ತೂ ಅವನು ಶೆಡ್ಡಿಗೆ ಹೋಗಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ನಾಲ್ಕು ಪಾವರ್‌ಲೂಮ್‌ಗಳಲ್ಲಿ ಒಂದರ ಸ್ವಿಚ್ಚು ಒತ್ತಿದ. ಮಗ್ಗ ಓಡತೊಡಗಿತು. ಅದರಲ್ಲಿ ಒಂದೆಳೆ ನೂಲೂ ಇರಲಿಲ್ಲ.

ಹಾಲೇಶನ ಅಪ್ಪ ಕಾಮಣ್ಣ ಬೀರೇಶ್ವರನ ಭಕ್ತ, ಹಿಪ್ಪರಗಿ ಕಡೆಯ ಕುರಿಗಾರ. ಹಿಂಡು ಮಾರಿ ಇಲ್ಲಿಗೆ ಬಂದು ಮೊದಲ ಮಗ್ಗ ಹಾಕಿದಾಗ, "ಕುರಿ ಕಾಯೋರು ಸೀರಿ ನೇಯ್ತಾರಂತ" ಎಂದು ಓಣಿ ನಕ್ಕಿತ್ತು. ಒಂದು ಮಗ್ಗ ನಾಲ್ಕಾದ ಮೇಲೆ ನಗು ನಿಂತಿತು. ಆ ನಗು ಮತ್ತೆ ಏಳಬಾರದೆಂಬುದೇ ಹಾಲೇಶನ ಚಿಂತೆ. ಈಗ ಸೀರೆಯ ವ್ಯಾಪಾರವೇ ಕುಸಿದಿತ್ತು. ಎಲ್ಲಿಂದಲೋ ಅಗ್ಗದ ಸೀರೆಗಳು ಬಂದು ಬಿದ್ದಿದ್ದವು, ನೂಲಿನ ದರ ಇವತ್ತಿಗೊಂದು ನಾಳೆಗೊಂದು. ನೂಲು ಕೊಟ್ಟು ನೇಯಿಸಿಕೊಳ್ಳುತ್ತಿದ್ದ ರಬಕವಿಯ ವ್ಯಾಪಾರಿ, "ಹಬ್ಬ ಮುಗೀಲಿ, ನೋಡೂಣು" ಎನ್ನುತ್ತ ದಸರೆಯನ್ನೂ ದಾಟಿಸಿದ, ದೀಪಾವಳಿಯನ್ನೂ ದಾಟಿಸಿದ. ಹಾಲೇಶ ತನ್ನಲ್ಲಿ ದುಡಿಯುತ್ತಿದ್ದ ನೇಕಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ಕಡೆ ಕಳಿಸಿದ. ಕೊನೆಗೆ ಉಳಿದದ್ದು ಅವನೊಬ್ಬನೇ.

ನೂಲು ಹೊತ್ತು ಆ ಬದಿಯಿಂದ ಈ ಬದಿಗೆ ಹಾರುವ ಲಾಳಿ ಇಲ್ಲದಿದ್ದರೆ ಮಗ್ಗ ತಾನಾಗಿಯೇ ನಿಂತುಬಿಡುತ್ತದೆ. ಹಾಗೆ ನಿಲ್ಲದಂತೆ ಹಾಲೇಶ ಅದಕ್ಕೊಂದು ತಂತಿ ಬಿಗಿದಿದ್ದ. ಓಣಿಗೆ ಸದ್ದು ಕೇಳಬೇಕು, ಆದರೆ ತೀರಾ ಚೆನ್ನಾಗಿ ಕೇಳಬಾರದು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದ ಜನರ ಕಿವಿಯ ಮೇಲೆ ಇಂಥ ಭರವಸೆ ಇಡಲು ಎಂಥ ಧೈರ್ಯ ಬೇಕೋ! ಬೇರೆಯವರ ಮಗ್ಗದಲ್ಲಿ ಒಂದು ಮೊಳೆ ಸಡಿಲಾದರೂ ಬೀದಿಯಿಂದಲೇ ಹೇಳಬಲ್ಲ ಮನುಷ್ಯ ಇವನು. ತನ್ನದರ ವಿಷಯದಲ್ಲಿ ಮಾತ್ರ ಊರೆಲ್ಲ ಕಿವುಡು ಎಂದುಕೊಂಡಿದ್ದ.

ಪಕ್ಕದ ಮನೆಯ ಗಿರಿಮಲ್ಲಪ್ಪ ಚಿಕ್ಕಂದಿನ ಗೆಳೆಯ, ಅವನದೂ ಮಗ್ಗದ ಬದುಕೇ. ಮೊದಲೆಲ್ಲ ಹತ್ತು ಗಂಟೆಯ ಹೊತ್ತಿಗೆ ಶೆಡ್ಡಿನ ಹೊರಗೆ ನಿಂತು ಕೂಗುತ್ತಿದ್ದ.

"ಹಾಲ್ಯಾ, ಚಾಕ್ಕ ಬರಂಗಿಲ್ಲೇನಲೇ?"

"ಕೆಲ್ಸ ಕುತಗಿ ಮಟಾ ಐತೋ ಮಾರಾಯಾ. ನೀ ನಡಿ."

ಕೆಲವು ದಿನ ಹೀಗೆ ಕೇಳಿದ ಮೇಲೆ ಗಿರಿಮಲ್ಲಪ್ಪ ಕೂಗುವುದನ್ನು ಬಿಟ್ಟ. ಕರೆಯದಿದ್ದುದು ಹಾಲೇಶನಿಗೆ ನಿರಾಳವೂ ಆಯಿತು, ಬೇಸರವೂ ಆಯಿತು. ಚಾದಂಗಡಿ ತಪ್ಪಿತು, ಮದುವೆ ಮುಂಜಿ ತಪ್ಪಿದವು. ಎಲ್ಲಿ ಹೋದರೂ ಜನ ಕೇಳುವುದು ಒಂದೇ ಮಾತು, "ಹೆಂಗ ನಡದೈತಿ ಧಂದೆ?" ರಕ್ತದೊತ್ತಡದ ಗುಳಿಗೆ ತೀರಿ ವಾರಗಳಾಗಿದ್ದವು. ಔಷಧದ ಅಂಗಡಿ ಬಜಾರದ ನಡುವೆ ಇತ್ತು, ಅದಕ್ಕೇ ಅಲ್ಲಿಗೂ ಹೋಗಲಿಲ್ಲ. ಹೆಂಡತಿ ಶೈಲಾ ರಬಕವಿಯಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಹೋಗುವ ಮುನ್ನ ರೊಟ್ಟಿ ಕಟ್ಟಿಟ್ಟು ಹೋಗುತ್ತಿದ್ದಳು. ಊಟ ಸೇರದೆ ಅವನು ಅದನ್ನು ಓಣಿಯ ನಾಯಿಗೆ ಹಾಕುತ್ತಿದ್ದ. ನಾಯಿ ದಪ್ಪಗಾಯಿತು, ಹಾಲೇಶ ಸೊರಗಿದ. ದಿನವಿಡೀ ಗದ್ದಲದ ನಡುವೆ ಕೂತಿದ್ದರೂ ಅಷ್ಟು ಒಂಟಿಯಾಗಿ ಅವನು ಎಂದೂ ಇದ್ದಿರಲಿಲ್ಲ.

ಅಂದು ಮಧ್ಯಾಹ್ನ ಎಡಗೈ ಜುಮುಜುಮು ಎಂದಿತು. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗಾಯಿತು. ಏಳಲು ನೋಡಿದ, ಕಣ್ಣು ಕತ್ತಲೆ ಬಂದು ನೆಲಕ್ಕೆ ಬಿದ್ದ. ಸ್ವಿಚ್ಚು ಆಚೆ ಗೋಡೆಯಲ್ಲಿತ್ತು. "ಶೈಲಾ" ಎಂದ. ಅವಳು ಮನೆಯಲ್ಲಿಲ್ಲವೆಂದು ಆಮೇಲೆ ನೆನಪಾಯಿತು. ಯಾರನ್ನಾದರೂ ಕೂಗೋಣವೆಂದರೆ ತನ್ನ ದನಿ ತನಗೇ ಕೇಳಲಿಲ್ಲ. ಮಗ್ಗ ಓಡುತ್ತಲೇ ಇತ್ತು. ಇಲ್ಲಿ ತನ್ನ ಜೀವ ಹೋದರೂ ಸಂಜೆಯ ತನಕ ಅದು ಹೀಗೇ ಓಡುತ್ತದೆ, ಹಾಲೇಶ ಚೆನ್ನಾಗಿದ್ದಾನೆ ಎಂದು ಓಣಿಗೆ ಹೇಳುತ್ತಲೇ ಇರುತ್ತದೆ. ಈ ಯೋಚನೆ ಬಂದದ್ದೇ ಅವನಿಗೆ ಹೆದರಿಕೆಯಿಂದ ಅಳು ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಎಲ್ಲರ ಮನೆಯಿಂದ ಜನ ಹೊರಬಂದು ಕಟ್ಟೆಗೆ ಕೂತ ಸಪ್ಪಳ, ಯಾರೋ ಕೆಮ್ಮಿದ್ದು, ಗಿರಿಮಲ್ಲಪ್ಪ ಕರೆಂಟಿನವರನ್ನು ಬೈದದ್ದು, ಎಲ್ಲ ಸ್ಪಷ್ಟವಾಗಿ ಕೇಳಿದವು. ನಡುವೆ ಒಂದು ಗೋಡೆ ಅಷ್ಟೇ. ಈಗ ಕೂಗಿದರೆ ಕೇಳುತ್ತದೆ.

ಹಾಲೇಶ ಬಾಯಿ ತೆರೆದ, ಮತ್ತೆ ಮುಚ್ಚಿದ. ಕೂಗಿದರೆ ಬಾಗಿಲು ಮುರಿಯುತ್ತಾರೆ. ಮುರಿದರೆ ಒಳಗೆ ಬರುತ್ತಾರೆ. ಬಂದರೆ ಬರಿದಾದ ಮಗ್ಗ, ಬಿಗಿದ ತಂತಿ, ಎಲ್ಲವನ್ನೂ ನೋಡುತ್ತಾರೆ. ಸ್ವಲ್ಪ ತಡೆದರೆ ನೋವು ತಾನಾಗಿ ಇಳಿದೀತು ಎಂದು ಹಲ್ಲು ಕಚ್ಚಿದ. ಇಳಿಯಲಿಲ್ಲ. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು, ಬಂದರೆ ಮತ್ತೆ ಗದ್ದಲ. ಮಾನ ದೊಡ್ಡದೋ ಜೀವ ದೊಡ್ಡದೋ ಎಂದು ಕೂತು ತೂಗುವಷ್ಟು ಪುರುಸೊತ್ತು ಇರಲಿಲ್ಲ. ಶೈಲಾ ಸಂಜೆ ಬಂದು ಈ ಚಿಲಕದ ಮುಂದೆ ನಿಲ್ಲುವುದು ಮಾತ್ರ ಕಣ್ಣಿಗೆ ಕಟ್ಟಿತು.

"ಗಿರಿಮಲ್ಲಾ! ಏ ಗಿರಿಮಲ್ಲಾ!"

ಬಾಗಿಲು ಮುರಿಯಿತು. ನಾಲ್ಕು ಜನ ನುಗ್ಗಿ ಬಂದರು. ಅವನನ್ನು ಎತ್ತಿದರು, ನೀರು ಚಿಮುಕಿಸಿದರು, ಟಂಟಂ ಗಾಡಿ ತರಿಸಿ ಜಮಖಂಡಿಯ ಆಸ್ಪತ್ರೆಗೆ ಹೊರಡಿಸಿದರು. ಮಗ್ಗದ ಕಡೆ ಮಾತ್ರ ಒಬ್ಬರೂ ತಿರುಗಿ ನೋಡಲಿಲ್ಲ.

ಡಾಕ್ಟರು ನಾನಾ ಪರೀಕ್ಷೆ ಮಾಡಿದರು. ಹೃದಯಕ್ಕೆ ದೊಡ್ಡ ಪೆಟ್ಟು ಬಿದ್ದಿಲ್ಲ, ರಕ್ತದೊತ್ತಡ ವಿಪರೀತ ಏರಿತ್ತು, ಇನ್ನು ಗುಳಿಗೆ ತಪ್ಪಿಸಿದರೆ, ಊಟ ಬಿಟ್ಟರೆ ಮುಂದಿನ ಸಲ ಇಷ್ಟಕ್ಕೇ ನಿಲ್ಲುವುದಿಲ್ಲ ಎಂದು ಹೇಳಿ, ಅವನನ್ನು ಅಲ್ಲೇ ಇರಿಸಿಕೊಂಡರು. ಶೈಲಾ ಕೆಲಸದಿಂದ ನೇರ ಬಂದು ಮಂಚದ ಒಂದು ಬದಿಗೆ ಕೂತಿದ್ದಳು. ಇನ್ನೊಂದು ಬದಿಗೆ ಗಿರಿಮಲ್ಲಪ್ಪ.

"ಮಗ್ಗ ನೋಡಿದೆಲ್ಲೋ?" ಹಾಲೇಶ ಕೇಳಿದ.

"ನೋಡೂದೇನೈತಿ ಅದರಾಗ. ಮೊದಲನೇ ದಿನಾನ ಕೇಳಿತ್ತು."

"ನಿನಗೊಬ್ಬಗಽ?"

"ಓಣಿಗೆಲ್ಲಾ. ಲಾಳಿ ಇಲ್ಲದ ಮಗ್ಗ ಯಾರಿಗೆ ತಿಳೀದಿಲ್ಲೋ ಹುಚ್ಚಪ್ಪಾ?"

ಹಾಲೇಶನಿಗೆ ಮೊದಲು ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ಗೊತ್ತಿದ್ದೂ ಒಬ್ಬರೂ ಬಾಗಲಾ ಬಡೀಲಿಲ್ಲ. ಒಳಗ ನಾ ಸತ್ತಿದ್ರ?"

"ನೀನಽ ಕೆಲ್ಸ ಐತಿ ಅಂತ ಅಂದಿ. ಇಲ್ಲೋ, ಸುಳ್ಳ ಹೇಳಾಕತ್ತಿ ಅಂತ ನಿನ್ನ ಮಾರಿಗೆ ಹ್ಯಾಂಗ ಅನ್ಲಿ? ನಿನ್ನ ಮರ್ಯಾದಿ ಕಾಯಬೇಕಂತ ಸುಮ್ನಾದ್ನಿ." ಗಿರಿಮಲ್ಲಪ್ಪ ತಲೆ ತಗ್ಗಿಸಿದ. "ಮತ್ತ ಖರೆ ಹೇಳ್ತೀನಿ ಕೇಳು. ನನ್ನವೂ ಎರಡ ಮಗ್ಗ ನಿಂತಾವು. ನಿನ್ನ ಕೇಳಿದ್ರ, ನೀ ನನ್ನ ತಿರುಗಿ ಕೇಳ್ತಿದ್ದಿ. ಅದಕ್ಕೂ ಅಂಜಿದ್ನಿ."

ಹಾಲೇಶ ಹೆಂಡತಿಯ ಕಡೆ ತಿರುಗಿದ. "ನಿನಗೂ ಗೊತ್ತಿತ್ತೇನು?"

ಶೈಲಾ ಸೆರಗಿನಿಂದ ಮೂಗೊರೆಸಿಕೊಂಡಳು. "ದಿನಾ ಕೆಲ್ಸಕ್ಕ ಹೋಗೂಮುಂದ ಆ ಬಾಗಲಾ ತನಕ ಬರ್ತಿದ್ನಿರಿ. ಕೈ ಎತ್ತತಿದ್ನಿ. ನೀವು ನಾಚಿಕೊಂಡೀರಿ ಅಂತ ತಿರಿಗಿ ಹೋಗ್ತಿದ್ನಿ. ಆ ನಾಯಿ ದಪ್ಪಾಗಿದ್ದೂ ಕಾಣಂಗಿಲ್ಲೇನು ನನಗ?"

ಹಾಲೇಶ ಅತ್ತ. ಗಂಡಸು, ಮಾಲಕ ಎಂಬುದನ್ನೆಲ್ಲ ಮರೆತು, ಪಕ್ಕದ ಮಂಚದ ರೋಗಿ ನೋಡುತ್ತಿದ್ದರೂ ಅತ್ತ.

ಊರಿಗೆ ಬಂದ ಮೇಲೆ ಧಂದೆಯೇನೂ ಎದ್ದು ನಿಲ್ಲಲಿಲ್ಲ. ವ್ಯಾಪಾರಿ ಒಂದು ಮಗ್ಗಕ್ಕಾಗುವಷ್ಟು ನೂಲು ಕಳಿಸಿದ, ಮೂರು ಸುಮ್ಮನೆ ನಿಂತಿದ್ದವು. ಆದರೆ ಹಾಲೇಶ ಶೆಡ್ಡಿಗೆ ಚಿಲಕ ಹಾಕುವುದನ್ನು ಬಿಟ್ಟ. ಗುಳಿಗೆ ನುಂಗುತ್ತಿದ್ದ, ರೊಟ್ಟಿ ತಾನೇ ತಿನ್ನುತ್ತಿದ್ದ. ಚಾದಂಗಡಿಯಲ್ಲಿ ಯಾರಾದರೂ ಧಂದೆ ಹೆಂಗ ಎಂದರೆ, "ಮಲಕೊಂಡೈತ್ರಿ, ನಾ ಮಾತ್ರ ಎದ್ದೀನಿ" ಎನ್ನುತ್ತಿದ್ದ. ಮೊದಲ ಸಲ ಹಾಗೆನ್ನುವಾಗ ನಾಲಿಗೆ ತಡವರಿಸಿತ್ತು. ಎದುರಿಗಿದ್ದವರು ನಗಲಿಲ್ಲ, ತಮ್ಮದನ್ನೂ ಹೇಳಿಕೊಂಡರು.

ಡಾಕ್ಟರು ನಡೆಯಬೇಕೆಂದಿದ್ದರಿಂದ ಮುಂಜಾನೆ ಚಿಮ್ಮಡದ ಹಾದಿಯಲ್ಲಿ ಅಡ್ಡಾಡಿ ಬರುತ್ತಿದ್ದ. ಒಂದು ದಿನ ಬರುವಾಗ ಹಿಂದಿನ ಓಣಿಯಲ್ಲಿ ನಿಂತ. ಸಿದ್ದಕ್ಕನ ಮನೆ ಅದು. ಗಂಡ ತೀರಿದ ಮೇಲೆ ಎರಡು ಮಗ್ಗ ಇಟ್ಟುಕೊಂಡು ಒಬ್ಬಳೇ ಬದುಕು ನಡೆಸುತ್ತಿದ್ದ ಹೆಂಗಸು. ಒಳಗೆ ಮಗ್ಗ ಓಡುತ್ತಿತ್ತು. ಪೊಳ್ಳು ಸದ್ದು. ಲಾಳಿ ಇರಲಿಲ್ಲ.

ಸ್ವಾಭಿಮಾನದ ಹೆಣ್ಣುಮಗಳು, ಕೇಳಿದರೆ ನೊಂದುಕೊಂಡಾಳು ಎಂದು ಹಾಲೇಶ ನಾಲ್ಕು ಹೆಜ್ಜೆ ಮುಂದೆ ಹೋದ. ಆಮೇಲೆ ತಿರುಗಿ ಬಂದು ಬಾಗಿಲು ಬಡಿದ.

"ಯಾರದು? ಕೈ ಬಿಡುವಿಲ್ಲ, ಆಮ್ಯಾಲ ಬರ್ರಿ!" ಒಳಗಿನಿಂದ ದನಿ ಬಂತು.

"ನಾ ಹಾಲೇಶ ಬೇ ಅಕ್ಕಾ. ಚಾ ಕುಡ್ಯಾಕ ಬಂದೀನಿ."

"ಕೆಲ್ಸ ಭಾಳ ಐತೋ ತಮ್ಮಾ!"

"ನನಗಂತೂ ಏನೂ ಇಲ್ಲ. ಮೂರ ಮಗ್ಗ ನಿಂತಾವು. ಇಲ್ಲೇ ಕುಂದರ್ತೀನಿ."

ಅವನು ನಿಜವಾಗಿಯೂ ಮೆಟ್ಟಿಲ ಮೇಲೆ ಕೂತ. ಹಾದುಹೋಗುವವರು ನೋಡಿದರು, ಅವನು ಕೈ ಎತ್ತಿ ಶರಣೆಂದ. ಒಳಗೆ ಮಗ್ಗ ಬಹಳ ಹೊತ್ತು ಹಟದಿಂದ ಓಡಿತು. ಆಮೇಲೆ ನಿಂತಿತು. ಅಕ್ಕಪಕ್ಕದ ಮಗ್ಗಗಳು ಓಡುತ್ತಲೇ ಇದ್ದವು. ಚಿಲಕ ತೆರೆಯಿತು. ಸಿದ್ದಕ್ಕ ಹೊಸ್ತಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿದ್ದವು.

"ಮನ್ಯಾಗ ಹಾಲಿಲ್ಲೋ ತಮ್ಮಾ."

"ಕರೀ ಚಾನಽ ಮಾಡ ಬೇ ಅಕ್ಕಾ," ಎನ್ನುತ್ತ ಹಾಲೇಶ ಚಪ್ಪಲಿ ಬಿಟ್ಟು ಒಳಗೆ ಹೋದ.